ಎಲ್ಲರಿಗೂ ಸ್ವಾಗತ, ಎಲ್ಲಿಯವರೆಗೆ?

ನಮ್ಮೂರಿನ ಮನೆಯಲ್ಲಿ ಸ್ವಾಗತಕ್ಕೆ ನಾಲ್ಕು ಲೆವೆಲ್ ಇತ್ತು. ಅಂಗಳ, ಜಗಲಿ, ನಡುಮನೆ, ಅಡುಗೆಮನೆ. ತೋಟದ ಕೆಲಸಕ್ಕೆ ಬರುವವರು ಅಂಗಳದವರೆಗೆ. ಪೋಸ್ಟ್‌ಮ್ಯಾನ್, ಮೇಷ್ಟ್ರು, ಸೊಸೈಟಿ ಸೆಕ್ರೆಟರಿ ಜಗಲಿಯವರೆಗೆ. ನೆಂಟರಿಷ್ಟರು ನಡುಮನೆಯವರೆಗೆ. ಅಡುಗೆಮನೆಗೆ ನಮ್ಮ ಪೈಕಿಯವರು ಮಾತ್ರ. ಎಲ್ಲೂ ಬೋರ್ಡ್ ಇರಲಿಲ್ಲ, ಯಾರಿಗೂ ಯಾರೂ ಹೇಳಿಕೊಡಲಿಲ್ಲ. ಬಂದವರ ಕಾಲಿಗೇ ಗೊತ್ತಿರುತ್ತಿತ್ತು, ಎಲ್ಲಿ ನಿಲ್ಲಬೇಕು ಅಂತ.

ನಮ್ಮಜ್ಜಿ ಕೆಟ್ಟವಳಲ್ಲ. ಹಸಿದು ಬಂದವರನ್ನು ಹಾಗೇ ಕಳಿಸಿದ್ದು ನಾನು ನೋಡಿಲ್ಲ. ಮಳೆಗಾಲದಲ್ಲಿ ಕೆಲಸದವರಿಗೆ ಬಿಸಿಬಿಸಿ ಕಾಫಿ ತಪ್ಪುತ್ತಿರಲಿಲ್ಲ. ಆದರೆ ಅವರ ಲೋಟಗಳು ಕೊಟ್ಟಿಗೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಿದ್ದವು. ಅವರೇ ತೆಗೆದುಕೊಂಡು, ಅವರೇ ತೊಳೆದುಕೊಂಡು, ಚಾಚಿ ಹಿಡಿಯಬೇಕು. ಅಜ್ಜಿ ಮೇಲಿಂದ ಹೊಯ್ಯುತ್ತಿದ್ದಳು. ಪ್ರೀತಿಯಿಂದಲೇ ಹೊಯ್ಯುತ್ತಿದ್ದಳು, ಅದೇ ಸಮಸ್ಯೆ.

ಬಿಇ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನನಗೆ ಗೊತ್ತಾಗಿದ್ದು, ಇದಕ್ಕೆ ನಮ್ಮ ಫೀಲ್ಡಿನಲ್ಲಿ ಒಂದು ಚಂದದ ಹೆಸರಿದೆ ಅಂತ. ರೋಲ್ ಬೇಸ್ಡ್ ಆಕ್ಸೆಸ್ ಕಂಟ್ರೋಲ್. ಲಾಗಿನ್ ಎಲ್ಲರಿಗೂ ಸಿಗುತ್ತೆ. ಒಳಗೆ ಏನು ಕಾಣುತ್ತೆ, ಏನು ಮುಟ್ಟಬಹುದು ಅನ್ನೋದು ಮಾತ್ರ ಬೇರೆ ಬೇರೆ. ಹಾಗಾಗಿ ಎಲ್ಲಾದರೂ "ಎಲ್ಲರಿಗೂ ಸ್ವಾಗತ" ಅನ್ನೋ ಬೋರ್ಡ್ ಕಂಡರೆ ನನ್ನ ತಲೆಯಲ್ಲಿ ಮೊದಲು ಬರೋ ಪ್ರಶ್ನೆ ಇದು: ಸರಿ, ಎಲ್ಲಿಯವರೆಗೆ?

ಈ ಪ್ರಶ್ನೆಯನ್ನು ನಾನು ಗಂಭೀರವಾಗಿ ಹಿಡಿದು ನೋಡಿದ್ದು ಒಂದು ಚರ್ಚಿನ ವಿಷಯದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಗ್ಲೈಡ್ ಮೆಮೋರಿಯಲ್ ಚರ್ಚ್. ಅಮೆರಿಕದ ಪ್ರಗತಿಪರ ಕ್ರೈಸ್ತ ಸಭೆಗಳ ಮಾತು ಬಂದಾಗೆಲ್ಲ ಈ ಹೆಸರು ಬರುತ್ತೆ. ವಿಲ್ ಸ್ಮಿತ್ ನಟಿಸಿದ 'ದಿ ಪರ್ಸ್ಯೂಟ್ ಆಫ್ ಹ್ಯಾಪಿನೆಸ್' ಸಿನಿಮಾ ನೋಡಿದ್ದರೆ, ಅಪ್ಪ ಮಗ ರಾತ್ರಿ ಮಲಗೋಕೆ ಜಾಗಕ್ಕಾಗಿ ಸರದಿಯಲ್ಲಿ ನಿಲ್ಲೋದು ನೆನಪಿರಬಹುದು. ಆ ಜಾಗ ಇದೇ. ಅದರಲ್ಲಿ ಪಾದ್ರಿಯಾಗಿ ಕಾಣಿಸಿಕೊಳ್ಳೋದು ಅಲ್ಲಿನ ನಿಜವಾದ ಪಾದ್ರಿ ಸೆಸಿಲ್ ವಿಲಿಯಮ್ಸ್.

2018ರಲ್ಲಿ ಪ್ರಾಜೆಕ್ಟ್ ಮೇಲೆ ಒಂಬತ್ತು ತಿಂಗಳು ನಾನು ಆ ಊರಲ್ಲಿದ್ದೆ. ಕ್ಲೈಂಟ್ ಆಫೀಸ್ ಮಾರ್ಕೆಟ್ ಸ್ಟ್ರೀಟಿನಲ್ಲಿ. ಅಲ್ಲಿಂದ ಸ್ವಲ್ಪ ಒಳಗೆ ನಡೆದರೆ ಟೆಂಡರ್‌ಲಾಯ್ನ್ ಅನ್ನೋ ಬಡಾವಣೆ. ಫುಟ್‌ಪಾತ್ ಮೇಲೆ ಟೆಂಟುಗಳು, ಗಾಲಿ ಕುರ್ಚಿಯಲ್ಲಿ ಮಲಗಿದವರು, ತಮ್ಮಷ್ಟಕ್ಕೇ ಮಾತಾಡುತ್ತ ಓಡಾಡುವವರು, ನಶೆಯಲ್ಲಿ ಅರ್ಧ ಬಾಗಿ ಹಾಗೇ ನಿಂತುಬಿಟ್ಟವರು. "ಆ ಕಡೆ ಹೋಗಬೇಡ" ಅಂತ ಮೊದಲ ವಾರವೇ ಟೀಮಿನವರು ಎಚ್ಚರಿಸಿದ್ದರು. ಮೂರು ತಿಂಗಳಾದ ಮೇಲೆ ಅದೇ ಟೀಮು ನನ್ನನ್ನು ಆ ಕಡೆಗೇ ಕರೆದುಕೊಂಡು ಹೋಯಿತು, ಎಲ್ಲರೂ ಒಂದೇ ಬಣ್ಣದ ಲೋಗೋ ಟೀ ಶರ್ಟ್ ಹಾಕಿಕೊಂಡು. ಅವತ್ತು ವಾಲಂಟಿಯರಿಂಗ್ ದಿನ. ಎಲಿಸ್ ಮತ್ತು ಟೇಲರ್ ರಸ್ತೆಗಳು ಸೇರುವ ಮೂಲೆಯಲ್ಲಿರುವ ಗ್ಲೈಡ್‌ನಲ್ಲಿ ಮಧ್ಯಾಹ್ನದ ಊಟ ಬಡಿಸೋ ಕೆಲಸ.

ಕೆಳಗಿನ ಊಟದ ಹಾಲಿನಲ್ಲಿ ನಮಗೆಲ್ಲ ಏಪ್ರನ್ ಕೊಟ್ಟು ನಿಲ್ಲಿಸಿದವರು ಅರವತ್ತರ ಆಸುಪಾಸಿನ ಒಬ್ಬ ಕಪ್ಪು ವರ್ಣದ ಮನುಷ್ಯ. ನಾನು ಗ್ಲೌಸ್ ಹಾಕದೆ ಬ್ರೆಡ್ಡಿಗೆ ಕೈ ಹಾಕಿದೆ ಅಂತ ಎಲ್ಲರ ಎದುರು ಗದರಿದರು. ಆಮೇಲೆ ಪಕ್ಕದಲ್ಲಿ ನಿಂತು ಟ್ರೇ ಹೇಗೆ ಕೊಡಬೇಕು ಅಂತ ಹೇಳಿಕೊಟ್ಟರು. ತಟ್ಟೆ ನೋಡ್ಬೇಡ, ಮುಖ ನೋಡು, ಒಂದು ಮಾತಾಡು, ಆಮೇಲೆ ಕೊಡು. ಕೆಲಸ ಮುಗಿದ ಮೇಲೆ ಮಾತಿಗೆ ಸಿಕ್ಕರು. ಕೆಲವು ವರ್ಷಗಳ ಹಿಂದೆ ತಾನೂ ಇದೇ ಸರದಿಯಲ್ಲಿ ತಟ್ಟೆಗಾಗಿ ನಿಲ್ಲುತ್ತಿದ್ದೆ ಅಂದರು. ನಿನ್ನೆ ಮಳೆ ಬಂತು ಅನ್ನೋ ಹಾಗೆ, ಅಷ್ಟು ಸಲೀಸಾಗಿ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮನೆ ಕೊಟ್ಟಿಗೆಯ ಮಾಡಿನ ಲೋಟಗಳೇ ಕಣ್ಣ ಮುಂದೆ.

* * *

ಗ್ಲೈಡ್ ತನ್ನ ಮೌಲ್ಯಗಳು ಅಂತ ಹೇಳಿಕೊಳ್ಳೋದು ಐದು. ಯಾರನ್ನೂ ಹೊರಗಿಡದಿರುವುದು. ಸತ್ಯ ಹೇಳುವುದು. ಪ್ರೀತಿ ಮತ್ತು ಭರವಸೆ. ಜನರ ಪರವಾಗಿರುವುದು. ಸಂಭ್ರಮಿಸುವುದು. ನಿಜ ಹೇಳ್ತೀನಿ, ಮೊದಲ ಸಲ ಓದಿದಾಗ ನನಗೆ ಆಕಳಿಕೆ ಬಂತು. ನಮ್ಮ ಆಫೀಸಿನ ಕಾಫಿ ಮೆಷಿನ್ ಪಕ್ಕದ ಗೋಡೆಯ ಮೇಲೂ ಇಂಥದ್ದೇ ಪಟ್ಟಿ ಇದೆ. ಲೆಕ್ಕಪತ್ರದ ಮೋಸದಿಂದ ಮುಳುಗಿಹೋದ ಎನ್ರಾನ್ ಕಂಪನಿಯ ಮೌಲ್ಯಗಳ ಪಟ್ಟಿಯಲ್ಲಿ ಪ್ರಾಮಾಣಿಕತೆಯೂ ಇತ್ತು. ಮೌಲ್ಯ ಬರೆಯೋದು ಸುಲಭ. ಅದನ್ನು ಪರೀಕ್ಷೆ ಮಾಡೋಕೆ ನನಗೆ ಗೊತ್ತಿರೋ ದಾರಿ ಒಂದೇ: ಈ ಮಾತಿಗಾಗಿ ನೀವು ಏನು ಕಳಕೊಂಡ್ರಿ ಅಂತ ಕೇಳೋದು.

ಈ ಪ್ರಶ್ನೆಗೆ ಗ್ಲೈಡ್ ಹತ್ತಿರ ಉತ್ತರ ಇದೆ.

ಚರ್ಚು ಕಟ್ಟಿಸಿದ್ದು ಲಿಜ್ಜೀ ಗ್ಲೈಡ್ ಅನ್ನೋ ಶ್ರೀಮಂತ ವಿಧವೆ. ಗಂಡ ದನಕರುಗಳ ವ್ಯಾಪಾರದಲ್ಲಿ ದುಡ್ಡು ಮಾಡಿದ್ದವರು. 1929ರಲ್ಲಿ ಆಕೆ ಸ್ಥಾಪಿಸಿದ ಟ್ರಸ್ಟಿನ ಉದ್ದೇಶ ಪ್ರಗತಿಪರವೇನೂ ಅಲ್ಲ, ಅಪ್ಪಟ ಸುವಾರ್ತಾ ಪ್ರಚಾರ. ಮೆಥಡಿಸ್ಟ್ ಪಂಗಡದ ಚರ್ಚು. ಅರವತ್ತರ ದಶಕದ ಹೊತ್ತಿಗೆ ಸುತ್ತಲಿನ ಬಡಾವಣೆ ಬದಲಾಗಿತ್ತು, ಭಾನುವಾರ ಬರುವವರು ಮೂವತ್ತು ಚಿಲ್ಲರೆ ಜನಕ್ಕೆ ಇಳಿದಿದ್ದರು. ಹೆಚ್ಚಿನವರು ವಯಸ್ಸಾದ ಬಿಳಿಯರು. ಅಂಥಲ್ಲಿಗೆ 1963ರಲ್ಲಿ ಬಂದವರು ಸೆಸಿಲ್ ವಿಲಿಯಮ್ಸ್. ಟೆಕ್ಸಸ್‌ನ ಕಪ್ಪು ವರ್ಣೀಯ. ಡಲ್ಲಾಸ್‌ನ ಪರ್ಕಿನ್ಸ್ ಧರ್ಮಶಾಸ್ತ್ರ ಶಾಲೆ ಮೊದಲ ಸಲ ಸೇರಿಸಿಕೊಂಡ ಐವರು ಕಪ್ಪು ವಿದ್ಯಾರ್ಥಿಗಳಲ್ಲಿ ಒಬ್ಬರು. ಬಾಗಿಲಲ್ಲಿ ನಿಲ್ಲಿಸೋದು ಅಂದರೆ ಏನು ಅಂತ ಅವರಿಗೆ ಪುಸ್ತಕ ಓದಿ ತಿಳಿಯಬೇಕಿರಲಿಲ್ಲ.

1964ರಲ್ಲಿ ಗ್ಲೈಡ್‌ನ ಪಾದ್ರಿಗಳೂ ಊರಿನ ಸಲಿಂಗಿ ಸಂಘಟನೆಗಳೂ ಸೇರಿ ಒಂದು ಮಂಡಳಿ ಮಾಡಿಕೊಂಡರು. ಸಲಿಂಗ ಸಂಬಂಧ ಅಮೆರಿಕದಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆ ಅಪರಾಧವಾಗಿದ್ದ ಕಾಲ ಅದು. ಮಂಡಳಿಗೆ ಹಣ ಸೇರಿಸೋಕೆ 1965ರ ಜನವರಿ 1ರಂದು ಕ್ಯಾಲಿಫೋರ್ನಿಯಾ ಹಾಲಿನಲ್ಲಿ ನೃತ್ಯಕೂಟ ಇಟ್ಟರು. ಪೊಲೀಸರು ಬಾಗಿಲಲ್ಲಿ ದೀಪ ಹಾಕಿಕೊಂಡು ನಿಂತು ಒಳಗೆ ಹೋಗುವವರ ಫೋಟೋ ಹೊಡೆದರು. ತಡೆದ ವಕೀಲರನ್ನು ಬಂಧಿಸಿದರು. ಮಾರನೇ ದಿನ ಪಾದ್ರಿಗಳು ಪತ್ರಿಕಾಗೋಷ್ಠಿ ಕರೆದು ಪೊಲೀಸರ ಮೇಲೆ ಹರಿಹಾಯ್ದರು. ಸಲಿಂಗಿಗಳು ಪೊಲೀಸ್ ಕಿರುಕುಳದ ಬಗ್ಗೆ ಎಷ್ಟು ವರ್ಷಗಳಿಂದ ಹೇಳುತ್ತಿದ್ದರೂ ಯಾರೂ ನಂಬಿರಲಿಲ್ಲ. ಬಿಳಿ ಕಾಲರಿನ ಪಾದ್ರಿಗಳು ಕಣ್ಣಾರೆ ಕಂಡು ಹೇಳಿದಾಗ ಊರು ಕಿವಿಗೊಟ್ಟಿತು. ಮುಂದಿನ ವರ್ಷ, ಮನೆಯಿಂದ ಹೊರಬಿದ್ದು ಟೆಂಡರ್‌ಲಾಯ್ನ್ ಬೀದಿಗಳಲ್ಲಿದ್ದ ಹುಡುಗ ಹುಡುಗಿಯರು 'ವ್ಯಾನ್‌ಗಾರ್ಡ್' ಅನ್ನೋ ಸಂಘಟನೆ ಕಟ್ಟಿದಾಗಲೂ ಅವರಿಗೆ ಕೂತು ಮಾತಾಡೋಕೆ ಜಾಗ ಕೊಟ್ಟಿದ್ದು ಇದೇ ಗ್ಲೈಡ್. ಎರಡು ಬ್ಲಾಕ್ ಆಚೆಯ ಕಾಂಪ್ಟನ್ಸ್ ಕೆಫೆಟೇರಿಯಾದಲ್ಲಿ ಟ್ರಾನ್ಸ್‌ಜೆಂಡರ್ ಹೆಂಗಸರು ಪೊಲೀಸರ ವಿರುದ್ಧ ತಿರುಗಿಬಿದ್ದದ್ದು 1966ರ ಆಗಸ್ಟಿನಲ್ಲಿ.

1967ರಲ್ಲಿ ವಿಲಿಯಮ್ಸ್ ಇನ್ನೊಂದು ಕೆಲಸ ಮಾಡಿದರು. ಆರಾಧನೆಯ ಹಾಲಿನಲ್ಲಿದ್ದ ಶಿಲುಬೆಯನ್ನೇ ತೆಗೆಸಿಬಿಟ್ಟರು. ಅದು ಸಾವಿನ ಗುರುತು, ನಾವು ಬದುಕನ್ನು ಆಚರಿಸಬೇಕು ಅನ್ನೋದು ಅವರ ವಾದ. ಒಂದು ಕ್ಷಣ ಯೋಚಿಸಿ, ನಮ್ಮೂರ ದೇವಸ್ಥಾನದ ಪೂಜಾರಿ ಗರ್ಭಗುಡಿಯಿಂದ ಮೂರ್ತಿ ತೆಗೆದಿಟ್ಟು "ದೇವರು ನೀವೇ" ಅಂದರೆ ಏನಾಗಬಹುದು? ಹಳೆಯ ಸದಸ್ಯರು ಹೊರಟುಹೋದರು. ಹೊಸಬರು ಬಂದರು: ಹಿಪ್ಪಿಗಳು, ವೇಶ್ಯೆಯರು, ಸಲಿಂಗಿಗಳು, ಬ್ಲ್ಯಾಕ್ ಪ್ಯಾಂಥರ್ಸ್ ಹುಡುಗರು, ಕುಡುಕರು, ಸುಮ್ಮನೆ ಹಾಡು ಕೇಳೋಕೆ ಬಂದವರು. ವಿಲಿಯಮ್ಸ್ ಜೊತೆಗೂಡಿ, ಮುಂದೆ ಅವರ ಬಾಳಸಂಗಾತಿಯೂ ಆಗಿ, ಈ ಜಾಗವನ್ನು ಬೆಳೆಸಿದವರು ಕವಿ ಜಾನಿಸ್ ಮಿರಿಕಿಟಾನಿ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರು ಅನ್ನೋ ಒಂದೇ ಕಾರಣಕ್ಕೆ ಅಮೆರಿಕ ಸರ್ಕಾರ ಶಿಬಿರದಲ್ಲಿ ಕೂಡಿಹಾಕಿದ ಕುಟುಂಬಗಳಲ್ಲಿ ಆಕೆಯದೂ ಒಂದು. ಆಗ ಆಕೆ ಹಸುಗೂಸು.

ಈ ಇತಿಹಾಸ ಓದಿದ ಮೇಲೆ ಐದು ಮೌಲ್ಯಗಳ ಪಟ್ಟಿ ಬೇರೆ ಥರ ಕಾಣುತ್ತೆ. ಕಾಫಿ ಮೆಷಿನ್ ಪಕ್ಕದ ಪಟ್ಟಿಗೆ ಬೆಲೆ ಕಟ್ಟಿದವರು ಯಾರೂ ಇಲ್ಲ. ಇದಕ್ಕೆ ಕಟ್ಟಿದ್ದಾರೆ.

* * *

ಈಗ ನನ್ನ ನಾಲ್ಕು ಲೆವೆಲ್ ಲೆಕ್ಕಕ್ಕೆ ಬರ್ತೀನಿ. ಚರ್ಚಿನಲ್ಲಿ ಅಂಗಳ ಅಂದರೆ ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂರೋದು. ಇದನ್ನು ಬಹುತೇಕ ಎಲ್ಲ ಚರ್ಚುಗಳೂ ಎಲ್ಲರಿಗೂ ಕೊಡುತ್ತವೆ. ಜಗಲಿ ಅಂದರೆ ಸಭೆಯ ಸದಸ್ಯರಾಗೋದು. ನಡುಮನೆ ಅಂದರೆ ನಿಮ್ಮ ಬದುಕನ್ನು ಅಲ್ಲಿ ಆಶೀರ್ವದಿಸೋದು, ಉದಾಹರಣೆಗೆ ಮದುವೆ. ಅಡುಗೆಮನೆ ಅಂದರೆ ಸೌಟು ನಿಮ್ಮ ಕೈಗೆ ಬರೋದು. ಪಾದ್ರಿಯಾಗೋದು, ಆಡಳಿತ ನಡೆಸೋದು, ಯಾರಿಗೆ ಏನು ಅಂತ ತೀರ್ಮಾನಿಸೋದು.

ಗ್ಲೈಡ್ ಸೇರಿದ್ದ ಯುನೈಟೆಡ್ ಮೆಥಡಿಸ್ಟ್ ಪಂಗಡದ ಕಥೆಯನ್ನು ಈ ಲೆಕ್ಕದಲ್ಲೇ ಓದಬಹುದು. 1972ರಲ್ಲಿ ಆ ಪಂಗಡ ಒಂದೇ ಉಸಿರಿನಲ್ಲಿ ಎರಡು ಮಾತು ಬರೆದುಕೊಂಡಿತು. ಸಲಿಂಗಿಗಳೂ ಬೆಲೆಯುಳ್ಳ ಮನುಷ್ಯರೇ ಅನ್ನೋದು ಒಂದು. ಆದರೆ ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದೋದಿಲ್ಲ ಅನ್ನೋದು ಇನ್ನೊಂದು. 1984ರಲ್ಲಿ ಅಂಥವರು ಪಾದ್ರಿಗಳಾಗೋ ಹಾಗಿಲ್ಲ ಅಂತ ನಿಯಮ ಬಂತು. ನಮ್ಮಜ್ಜಿಯ ಲೋಟ ನೆನಪಾಗುತ್ತೆ ಅಲ್ವಾ? ಕಾಫಿ ಖಂಡಿತ ಉಂಟು. ಲೋಟ ಬೇರೆ. ಗ್ಲೈಡ್ ಅದೇ ಪಂಗಡದ ಒಳಗಿದ್ದುಕೊಂಡು, ಸಲಿಂಗಿ ಜೋಡಿಗಳನ್ನು ಒಂದುಗೂಡಿಸೋ ಕೆಲಸವನ್ನು ಕಾನೂನು ಒಪ್ಪೋದಕ್ಕಿಂತ ದಶಕಗಳ ಮುಂಚಿನಿಂದಲೇ ಮಾಡಿಕೊಂಡು ಬಂತು.

ಆಮೇಲೆ ನಡೆದದ್ದು ಕತೆ ಬರೆಯುವವರಿಗೂ ಹೊಳೆಯದಂಥದ್ದು. ಸೆಸಿಲ್ ವಿಲಿಯಮ್ಸ್ ತೀರಿಕೊಂಡಿದ್ದು 2024ರ ಏಪ್ರಿಲ್ 22ರಂದು. ಮಾರನೇ ದಿನ ಆ ಪಂಗಡದ ಮಹಾಸಭೆ ಶುರುವಾಯಿತು. ಮೇ ಮೊದಲ ವಾರದ ಹೊತ್ತಿಗೆ ಐದು ದಶಕದ ಆ ವಾಕ್ಯವನ್ನೂ ಪಾದ್ರಿಗಳ ಮೇಲಿನ ನಿಷೇಧವನ್ನೂ ತೆಗೆದುಹಾಕಿದರು. ಆದರೆ ಅಷ್ಟರಲ್ಲಿ ಗ್ಲೈಡ್ ಆ ಪಂಗಡ ಬಿಟ್ಟು ನಾಲ್ಕು ವರ್ಷವಾಗಿತ್ತು. ಬಿಟ್ಟದ್ದು ಯಾಕೆ ಅನ್ನೋದನ್ನು ಹೇಳದೆ ಹೋದರೆ ಈ ಲೇಖನ ಬರೀ ಹೊಗಳಿಕೆ ಆಗುತ್ತೆ.

* * *

ನಾನಲ್ಲಿದ್ದ 2018ರಲ್ಲೇ ಜಗಳ ಬೀದಿಗೆ ಬಂದಿತ್ತು. ಆ ಪ್ರದೇಶದ ಬಿಷಪ್ ಗ್ಲೈಡ್‌ಗೆ ನೇಮಿಸಿದ್ದ ಪಾದ್ರಿಗಳನ್ನು ವಾಪಸ್ ಕರೆಸಿಕೊಂಡರು. ಅವರ ತಕರಾರು ಎರಡು. ಒಂದು ನಂಬಿಕೆಯದ್ದು. ಭಾನುವಾರದ ಸಭೆ ಚಂದವಾಗಿದೆ ನಿಜ, ಆದರೆ ದೀಕ್ಷಾಸ್ನಾನ, ಪವಿತ್ರ ಭೋಜನದಂಥ ಮೂಲ ಆಚರಣೆಗಳೇ ಇಲ್ಲದ ಮೇಲೆ ಇದು ಚರ್ಚು ಹೇಗಾಗುತ್ತೆ? ಬರುವವರಲ್ಲಿ ಎಷ್ಟೋ ಜನ ಕ್ರೈಸ್ತರೇ ಅಲ್ಲ. ಇನ್ನೊಂದು ಅಧಿಕಾರದ್ದು. ವಿಲಿಯಮ್ಸ್ 2000ದಲ್ಲೇ ಪಾದ್ರಿ ಹುದ್ದೆಯಿಂದ ನಿವೃತ್ತರಾಗಿದ್ದರೂ ಹಿಡಿತ ಅವರ ಮತ್ತು ಅವರ ಸಂಸ್ಥೆಯ ಕೈಯಲ್ಲೇ ಇದೆ, ಹೊಸ ಪಾದ್ರಿಗಳಿಗೆ ಕೆಲಸ ಮಾಡೋಕೆ ಆಗ್ತಿಲ್ಲ, ಹಣದ ಲೆಕ್ಕವೂ ಚರ್ಚಿಗೆ ತಿಳಿಯೋದಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಲಿಜ್ಜೀ ಗ್ಲೈಡ್ 1929ರಲ್ಲಿ ಬರೆದ ಟ್ರಸ್ಟ್ ಪತ್ರದ ಅರ್ಥ ಏನು ಅಂತ ವಾದ ನಡೆಯಿತು. 2020ರಲ್ಲಿ ರಾಜಿಯಾಗಿ ಗ್ಲೈಡ್ ಪಂಗಡದಿಂದ ಹೊರಬಂತು, ಕಟ್ಟಡ ಅದರ ಬಳಿಯೇ ಉಳಿಯಿತು.

ಮೊದಲ ತಕರಾರನ್ನು ನಾನು ಪೂರ್ತಿ ಒಪ್ಪಲ್ಲ. ನಾನು ಕ್ರೈಸ್ತನಲ್ಲ, ಆದರೂ ಆಮೇಲೆ ಎಷ್ಟೋ ಭಾನುವಾರ ಅಲ್ಲಿಗೆ ಹೋದೆ. ಬ್ಯಾಂಡ್, ದೊಡ್ಡ ಗಾಯಕ ತಂಡ, ಎದ್ದು ನಿಂತು ಕುಣಿಯುವ ಜನ. ಒಬ್ಬರು ವೇದಿಕೆಗೆ ಬಂದು ನನ್ನ ಚಟ ಬಿಟ್ಟು ಇಂತಿಷ್ಟು ದಿನ ಆಯ್ತು ಅಂದರೆ ಸಾವಿರ ಕೈ ಚಪ್ಪಾಳೆ. ಅಕ್ಕಪಕ್ಕದಲ್ಲಿ ಕೂತವರ ಕೈ ಹಿಡಿದುಕೊಳ್ಳಬೇಕು. ನನ್ನ ಪಕ್ಕ ಒಮ್ಮೆ ಒಬ್ಬ ಬ್ಯಾಂಕರ್ ಥರದವನು, ಇನ್ನೊಂದು ಪಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಪೂರಾ ಸಂಸಾರ ಇಟ್ಟುಕೊಂಡ ಅಜ್ಜಿ. ಆಕೆಯ ಕೈ ಹಿಡಿಯೋಕೆ ನಾನು ಒಂದು ಸೆಕೆಂಡ್ ಹಿಂಜರಿದೆ. ಆಕೆ ಹಿಂಜರಿಯಲಿಲ್ಲ. ಆ ಒಂದು ಸೆಕೆಂಡಿನಲ್ಲಿ ನನಗೆ ನನ್ನ ಬಗ್ಗೆ ತಿಳಿದಷ್ಟು ಬೇರೆ ಯಾವ ಪ್ರವಚನದಿಂದಲೂ ತಿಳಿದಿಲ್ಲ. ಯೇಸು ಹೊಲೆಗಟ್ಟವರು ಅನ್ನಿಸಿಕೊಂಡವರ ಜೊತೆ ಕೂತು ಉಂಡವನು ಅನ್ನೋದಾದರೆ, ಕೆಳಗಿನ ಊಟದ ಹಾಲಿನಲ್ಲಿ ದಿನಕ್ಕೆ ಮೂರು ಹೊತ್ತು ನಡೆಯೋದು ಪವಿತ್ರ ಭೋಜನ ಅಲ್ಲದೆ ಮತ್ತೇನು?

ಹಾಗಂತ ಬಿಷಪ್ ಹೇಳಿದ್ದರಲ್ಲಿ ಹುರುಳಿಲ್ಲ ಅಂತಲ್ಲ. ಶಿಲುಬೆ ತೆಗೆದರು, ಸರಿ. ಧರ್ಮಶ್ರದ್ಧೆಯ ಪ್ರತಿಜ್ಞೆಗಳೂ ಬೇಡ, ಸರಿ. ಆದರೆ ನಂಬಿಕೆ ಬರಹದಲ್ಲಿ ಇಲ್ಲದಾಗ, ನಂಬಿಕೆ ಏನು ಅಂತ ಹೇಳುವವರು ಯಾರು? ಮೈಕ್ ಯಾರ ಕೈಯಲ್ಲಿದೆಯೋ ಅವರು. ನಮ್ಮ ಕೆಲಸದಲ್ಲೂ ಇದು ಗೊತ್ತಿರೋದೇ. ಡಾಕ್ಯುಮೆಂಟೇಶನ್ ಇಲ್ಲದ ಸಿಸ್ಟಮ್ ನಡೆಯೋದು ಅದನ್ನು ಬರೆದ ಒಬ್ಬ ಮನುಷ್ಯ ಇರೋವರೆಗೆ. ಆ ಮನುಷ್ಯ ಎಷ್ಟೇ ಒಳ್ಳೆಯವನಿರಲಿ, ರಜೆ ಹಾಕಿದ ದಿನ ಎಲ್ಲರ ಕೈಕಾಲು ತಣ್ಣಗಾಗುತ್ತೆ. ಎಲ್ಲರಿಗೂ ಬಾಗಿಲು ತೆರೆದ ಜಾಗದಲ್ಲೇ ಒಬ್ಬರ ನಂತರ ಇನ್ನೊಬ್ಬ ಹೊಸ ಪಾದ್ರಿಗೆ ಅಡುಗೆಮನೆಯಲ್ಲಿ ಜಾಗ ಸಿಗಲಿಲ್ಲ ಅನ್ನೋ ಆಪಾದನೆ ಸಣ್ಣದಲ್ಲ. ನಮಗೂ ಈ ಕಥೆ ಹೊಸದಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹುಟ್ಟು ಕೇಳದೆ ಒಳಗೆ ಬಿಟ್ಟುಕೊಂಡ ದಾರಿಗೆ, ಕಾಲ ಕಳೆದಂತೆ ಹುಟ್ಟೇ ಗುರುತಾಯಿತು. ಬಾಗಿಲು ತೆರೆದವರು ಹೋದ ಮೇಲೆ ಬಾಗಿಲಿಗೆ ಏನಾಗುತ್ತೆ ಅನ್ನೋದು ಗ್ಲೈಡ್‌ಗೂ ಈಗ ಎದುರಾಗಿರುವ ಪ್ರಶ್ನೆ. ಮಿರಿಕಿಟಾನಿ 2021ರಲ್ಲೇ ಹೋದರು.

ನನ್ನದೇ ತಕರಾರು ಇನ್ನೊಂದಿದೆ. ಅದು ಬಿಷಪ್ ಹೇಳದೇ ಇದ್ದದ್ದು.

ಐದು ಮೌಲ್ಯಗಳಲ್ಲಿ ಸತ್ಯ ಹೇಳುವುದು ಅಂತ ಒಂದಿದೆ ಅಂದೆನಲ್ಲ. ವೇದಿಕೆ ಹತ್ತಿ ಸತ್ಯ ಹೇಳುವವರು ಯಾರು? ಚಟ ಬಿಟ್ಟವರು, ಜೈಲು ಕಂಡವರು, ಬೀದಿಯಲ್ಲಿ ಮಲಗಿದವರು. ಅವರು ತಮ್ಮ ಗಾಯ ತೋರಿಸುತ್ತಾರೆ, ನಾವು ಅಳುತ್ತೇವೆ, ಚಪ್ಪಾಳೆ ಹೊಡೆಯುತ್ತೇವೆ. ನಮ್ಮ ಸತ್ಯವನ್ನು ಯಾರೂ ಕೇಳಲಿಲ್ಲ. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತ ಮಾರ್ಕೆಟ್ ಸ್ಟ್ರೀಟಿನ ಆ ಭಾಗಕ್ಕೂ ಟೆಂಡರ್‌ಲಾಯ್ನ್‌ಗೂ ಬರುವ ಕಂಪನಿಗಳಿಗೆ ಸಂಬಳದ ಮೇಲಿನ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು. ಟ್ವಿಟರ್ ಊರು ಬಿಡದಿರಲಿ ಅಂತ ಮಾಡಿದ್ದು. ಪ್ರತಿಯಾಗಿ ದೊಡ್ಡ ಕಂಪನಿಗಳು ಆಸುಪಾಸಿನ ಬಡಾವಣೆಗೆ ಒಳ್ಳೇದು ಮಾಡ್ತೀವಿ ಅಂತ ಒಪ್ಪಂದ ಮಾಡಿಕೊಂಡವು. ವಾಲಂಟಿಯರಿಂಗ್ ಗಂಟೆಗಳೂ ಅಂಥ ಒಪ್ಪಂದಗಳಲ್ಲಿ ಸೇರುತ್ತಿದ್ದವು. ನಮ್ಮ ಟೀ ಶರ್ಟಿನ ಹಿಂದೆ ಅಂಥದ್ದೇನಾದರೂ ಇತ್ತಾ? ನಾನು ಕೇಳಲಿಲ್ಲ. ಊರಿಗೆ ಹೋಗೋ ಫ್ಲೈಟ್ ಟಿಕೆಟ್ ಬಗ್ಗೆ ಎಷ್ಟೋ ಸಲ ಕೇಳಿದ್ದೆ, ಇದನ್ನು ಒಂದು ಸಲವೂ ಕೇಳಲಿಲ್ಲ. ನಮ್ಮಂಥವರ ಸಂಬಳ ಆ ಊರಿನ ಬಾಡಿಗೆಯನ್ನು ಎಲ್ಲಿಗೆ ಏರಿಸಿತು, ಏರಿದ ಬಾಡಿಗೆ ಎಷ್ಟು ಜನರನ್ನು ಆ ಸರದಿಗೆ ತಂದು ನಿಲ್ಲಿಸಿತು, ಅದನ್ನು ವೇದಿಕೆ ಮೇಲೆ ನಿಂತು ಹೇಳಿ ಅಂತ ನಮಗೆ ಯಾರೂ ಹೇಳಲಿಲ್ಲ.

ಇನ್ನೂ ಒಂದು ಮಾತು. ನಾನು ಮೊದಲ ದಿನವೇ ಅಡುಗೆಮನೆಯಲ್ಲಿದ್ದೆ. ನನಗೆ ಗ್ಲೌಸ್ ಹಾಕು ಅಂತ ಗದರಿದ ಆ ಹಿರಿಯರಿಗೆ ಸರದಿಯಿಂದ ಸೌಟಿನವರೆಗೆ ಬರೋಕೆ ವರ್ಷಗಳೇ ಹಿಡಿದವು. ಬಾಗಿಲು ಇಬ್ಬರಿಗೂ ತೆರೆದಿತ್ತು, ಸುಳ್ಳಲ್ಲ. ಆದರೆ ದಾರಿ ಒಂದೇ ಉದ್ದದ್ದಾಗಿರಲಿಲ್ಲ. ಗ್ಲೈಡ್‌ಗೆ ಹಣ ಸೇರಿಸೋಕೆ ವಾರನ್ ಬಫೆಟ್ 2000ದಿಂದ ತಮ್ಮ ಜೊತೆ ಒಂದು ಊಟವನ್ನು ಹರಾಜು ಹಾಕುತ್ತಿದ್ದರು. ಅವರ ಮೊದಲ ಹೆಂಡತಿ ಸೂಸಿ ಅಲ್ಲಿ ಕೆಲಸ ಮಾಡಿ ಗಂಡನನ್ನು ಕರೆತಂದದ್ದು. 2022ರ ಹರಾಜು 1.9 ಕೋಟಿ ಡಾಲರ್‌ಗೆ ಹೋಯಿತು. ಜಗತ್ತಿನ ಅತ್ಯಂತ ದುಬಾರಿ ಊಟ ಪುಕ್ಕಟೆ ಊಟಕ್ಕೆ ದುಡ್ಡು ಹೊಂದಿಸುತ್ತಿತ್ತು. ಇದನ್ನು ನಾನು ಅಣಕಿಸ್ತಿಲ್ಲ. ಅನ್ನ ಬೇಯೋಕೆ ಬೆಂಕಿ ಬೇಕು, ಸೌದೆ ಯಾರ ತೋಟದ್ದಾದರೇನು. ಆದರೆ ಸೌದೆ ಕೊಡುವವರನ್ನು ಕಷ್ಟದ ಪ್ರಶ್ನೆ ಕೇಳೋದು ಕಷ್ಟ. ಯಾರನ್ನೂ ಹೊರಗಿಡಲ್ಲ ಅನ್ನೋ ಮೌಲ್ಯ ನಮ್ಮಂಥವರ ವಿಷಯದಲ್ಲಿ ಯಾರನ್ನೂ ನೋಯಿಸಲ್ಲ ಅನ್ನೋದಾಗಿ ಮೆತ್ತಗಾಗಿಬಿಡುತ್ತೆ. ಪ್ರಗತಿಪರ ಸಭೆಗಳ ನಿಜವಾದ ದೌರ್ಬಲ್ಯ ಇದು ಅಂತ ನನಗನ್ನಿಸುತ್ತೆ. ಹೊರಗೆ ನಿಂತವರನ್ನು ಒಳಗೆ ಕರೆಯೋ ಧೈರ್ಯ ಅವಕ್ಕಿದೆ. ಮೊದಲೇ ಒಳಗಿದ್ದವರನ್ನು "ನೀನು ಇಲ್ಲಿಗೆ ಹೇಗೆ ಬಂದೆ?" ಅಂತ ಕೇಳೋ ಧೈರ್ಯ ಅಷ್ಟಿಲ್ಲ.

* * *

ಆ ಪ್ರಶ್ನೆಯನ್ನು ಕೊನೆಗೆ ನನಗೆ ಕೇಳಿದ್ದು ನಮ್ಮಮ್ಮ.

ಅಮೆರಿಕದಿಂದ ವಾಪಸ್ ಬಂದ ಮೇಲೆ ಊರಿಗೆ ಹೋಗಿದ್ದೆ. ಅಜ್ಜಿ ಈಗಿಲ್ಲ. ಕೊಟ್ಟಿಗೆ ಮಾಡಿನ ಲೋಟಗಳೂ ಇಲ್ಲ, ಅದರ ಬದಲು ಪೇಪರ್ ಕಪ್ಪು ಬಂದಿದೆ. ತೋಟಕ್ಕೆ ನಾನು ಚಿಕ್ಕವನಿದ್ದಾಗಿಂದ ಬರುತ್ತಿದ್ದವರೊಬ್ಬರು ಅವತ್ತು ಬಂದಿದ್ದರು. ಅವರ ಹೆಸರು ಇಲ್ಲಿ ಬರೆಯೋದಿಲ್ಲ, ಅವರನ್ನು ಕೇಳಿಲ್ಲ. ನಮ್ಮಪ್ಪನಿಗಿಂತ ದೊಡ್ಡವರು. ಅವರನ್ನು ನಾನು ಸಣ್ಣವನಿದ್ದಾಗ ಏಕವಚನದಲ್ಲೇ ಕರೆಯುತ್ತಿದ್ದೆ. ಅವತ್ತು ನಾನೇ ಸ್ಟೀಲ್ ಲೋಟದಲ್ಲಿ ಕಾಫಿ ಹಿಡಿದು ಅಂಗಳಕ್ಕೆ ಹೋಗಿ, "ಒಳಗೆ ಬನ್ನಿ, ಕೂತು ಕುಡಿಯೋಣ" ಅಂದೆ.

ಅವರು ಲೋಟ ಇಸ್ಕೊಂಡರು. ನನ್ನ ಮುಖ ನೋಡಲಿಲ್ಲ. "ಇಲ್ಲೇ ಆತು ಬಿಡಿ ಸಣ್ಣ ಗೌಡ್ರೆ, ಗಾಳಿ ಚೆನ್ನಾಗೈತೆ" ಅಂದರು. ನಾನು ಇನ್ನೊಮ್ಮೆ ಕರೆದೆ. ಅವರು ನಕ್ಕರು. ಕಾಫಿ ಕುಡಿದು, ನಲ್ಲಿ ಹತ್ತಿರ ಹೋಗಿ ಲೋಟ ತೊಳೆದು, ಜಗಲಿಯ ಅಂಚಿನ ಮೇಲೆ ಬೋರಲು ಹಾಕಿ ಹೋದರು.

ರಾತ್ರಿ ಅಮ್ಮನಿಗೆ ಹೇಳಿದೆ. ಬೇಜಾರಾಗಿತ್ತು, ಸ್ವಲ್ಪ ಸಿಟ್ಟೂ ಇತ್ತು ಅನ್ನಿಸುತ್ತೆ. ನಾನು ಕರೆದೆ, ಅವರೇ ಬರಲಿಲ್ಲ ಅನ್ನೋ ಸಿಟ್ಟು.

ಅಮ್ಮ ಅಂದಳು, "ಅಲ್ಲ ಮಾರಾಯ, ನೀನು ವರ್ಷಕ್ಕೊಂದ್ಸಲ ಬರೋನು. ಕರೆದು ಹೋಗ್ತೀಯ. ನಾಳೆ ಊರೊಳಗೆ ಮಾತು ಕೇಳೋದು ಅವನು. ನೀ ಯಾಕೆ ಒಳಗೆ ಹೋದೆ ಅಂತ ಅವನ್ನೇ ಕೇಳ್ತಾರೆ, ನಿನ್ನ ಯಾರೂ ಕೇಳಲ್ಲ." ಸ್ವಲ್ಪ ಹೊತ್ತು ಬಿಟ್ಟು, "ನನ್ನೂ ಕೇಳ್ತಾರೆ" ಅಂದಳು.

ಆಗ ನನಗೆ ಗ್ಲೈಡ್ ಇನ್ನೊಂಚೂರು ಅರ್ಥವಾಯಿತು. ಶಿಲುಬೆ ತೆಗೆದದ್ದು, ನೃತ್ಯಕೂಟ, ಪತ್ರಿಕಾಗೋಷ್ಠಿ, ಇವೆಲ್ಲ ಸುದ್ದಿಯಾದ ಸಂಗತಿಗಳು. ನಾನು ಇಷ್ಟು ಹೊತ್ತು ಹೇಳಿದ್ದೂ ಅವನ್ನೇ. ಆದರೆ ವಿಲಿಯಮ್ಸ್ ಆ ಮೂಲೆ ಬಿಟ್ಟು ಹೋಗಲಿಲ್ಲ. ಅರವತ್ತು ವರ್ಷ ಅಲ್ಲೇ ಇದ್ದರು. ಕರೆದ ಮೇಲೆ ಬಂದವರಿಗೆ ಆಗಬಹುದಾದ ನೋವನ್ನು ಅವರ ಜೊತೆಗೇ ಉಣ್ಣೋಕೆ ಇದ್ದರು. ಅಧಿಕಾರ ಬಿಟ್ಟುಕೊಡದೆ ಉಳಿದದ್ದು ತಪ್ಪಿರಬಹುದು, ಅದನ್ನು ಮೇಲೆ ಹೇಳಿದ್ದೇನೆ. ಆದರೆ ಊರು ಬಿಟ್ಟು ಬಂದು, ವರ್ಷಕ್ಕೊಮ್ಮೆ ಹೋಗಿ, ಒಂದು ಲೋಟ ಕಾಫಿ ಕೊಟ್ಟು ಜಾತಿ ಮುಗಿಸಿದೆ ಅಂದುಕೊಳ್ಳುವ ನಾನು ಆ ತಪ್ಪನ್ನು ಎತ್ತಿ ತೋರಿಸುವಾಗ ಸ್ವಲ್ಪ ತಗ್ಗಿದ ದನಿಯಲ್ಲೇ ತೋರಿಸಬೇಕು.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ಲಿಫ್ಟ್ ಇವೆ. ಒಂದರ ಮೇಲೆ ಮನೆಗೆಲಸದವರು, ಡೆಲಿವರಿಯವರು ಈ ಲಿಫ್ಟ್ ಬಳಸಿ ಅಂತ ಅಂಟಿಸಿದ್ದಾರೆ. ಇದನ್ನು ನಾನು ನಾಲ್ಕು ವರ್ಷದಿಂದ ದಿನಾ ನೋಡ್ತಿದ್ದೀನಿ. ಇಲ್ಲಿ ನಾನು ವರ್ಷಕ್ಕೊಮ್ಮೆ ಬರುವವನಲ್ಲ, ಇಲ್ಲೇ ಇರುವವನು. ಅಮ್ಮನ ನೆಪ ಇಲ್ಲಿ ನಡೆಯಲ್ಲ. ಮುಂದಿನ ತಿಂಗಳು ಅಸೋಸಿಯೇಶನ್ ಮೀಟಿಂಗ್ ಇದೆ. ಆ ಕಾಗದದ ವಿಷಯವನ್ನು ಅಜೆಂಡಾದಲ್ಲಿ ಸೇರಿಸಿ ಅಂತ ಮೇಲ್ ಹಾಕಿದ್ದೀನಿ. ಈವರೆಗೆ ಉತ್ತರ ಬಂದಿಲ್ಲ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬರು ಮಾತ್ರ, "ಸಾರ್, ಇದೆಲ್ಲ ಈಗ ಯಾಕೆ?" ಅಂತ ಕೇಳಿದ್ದಾರೆ.